ಪಕ್ಷಿಪಂಡಿತ ಸಲೀಂ ಅಲಿ ಮತ್ತು ತುರಾಯಿಯ ಹಕ್ಕಿ

(ಬಿ. ಎ. ಅಂತಿಮ ವರ್ಷದ ವಿದ್ಯಾರ್ಥಿ, ಯಲವಿಗಿ)

ತಲೆಯ ಮೇಲೆ ತುರಾಯಿ ಹೊತ್ತು ಮೆರೆಯುವ ಹಕ್ಕಿಗಳು ನಮ್ಮ ಸೀಮೆಯಲ್ಲಿ ಹಲವುಂಟು. ಹೊಲದ ಬದುವಿನಲ್ಲಿ ನೆಲ ಕುಕ್ಕುತ್ತ ನಡೆಯುವ ಚಂದ್ರಮುಕುಟಕ್ಕೆ ಬೀಸಣಿಗೆಯಂತೆ ಬಿಚ್ಚಿ ಮುಚ್ಚುವ ಜುಟ್ಟಿದೆ. ಬೇಲಿಯ ಮೇಲೆ ಕೂಡುವ ಪಿಕಳಾರಕ್ಕೂ ಒಂದು ಸಣ್ಣ ಕರಿಯ ಜುಟ್ಟಿದೆ. ಆದರೆ ಇವುಗಳಿಗೆಲ್ಲ ಅರಸನೆನ್ನಿಸಿಕೊಂಡದ್ದು ನವಿಲು. ಅದರ ತಲೆಯ ಮೇಲೆ ತೆಳುವಾದ ಬರಿಯ ಕಡ್ಡಿಗಳು ಸಾಲಾಗಿ ನಿಂತಿವೆ. ಪ್ರತಿಯೊಂದು ಕಡ್ಡಿಯ ತುದಿಗೂ ನೀಲಿ ಹಸುರು ಬಣ್ಣದ ಒಂದೊಂದು ಚಿಕ್ಕ ಗೊಂಡೆ ಇದೆ. ಕುಮಾರಸ್ವಾಮಿಗೆ ವಾಹನವಾಗಿ, ಕೃಷ್ಣನ ಮುಡಿಗೆ ಗರಿ ಕೊಟ್ಟು, ಕವಿಗಳಿಂದ ಸಾವಿರ ಸಲ ಹೊಗಳಿಸಿಕೊಂಡ ಈ ಹಕ್ಕಿಯನ್ನು ಭಾರತ ಸರಕಾರವು 1963ನೆಯ ಇಸವಿಯಲ್ಲಿ ರಾಷ್ಟ್ರಪಕ್ಷಿಯೆಂದು ಸಾರಿತು. ದೇಶದಲ್ಲಿ ಯಾರಿಗೂ ಅದು ಅನುಚಿತವೆಂದು ಕಂಡಿರಲಾರದು.

ಆದರೆ ಭಾರತದ ಹಕ್ಕಿಗಳನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲ ಒಬ್ಬ ಮಹನೀಯರು ಆ ಸಮಯದಲ್ಲಿ ಬೇರೊಂದು ಹಕ್ಕಿಯ ಪರವಾಗಿ ನಿಂತಿದ್ದರು. ಅವರೇ ಡಾ. ಸಲೀಂ ಅಲಿಯವರು. ನವಿಲಿನ ಮೇಲೆ ಅವರಿಗೆ ದ್ವೇಷವಿರಲಿಲ್ಲ. ಹಾಗಾದರೆ ಅವರು ಅದನ್ನು ಬಿಟ್ಟು ಇನ್ನೊಂದಕ್ಕೆ ಮಾನ ಬೇಡಿದುದು ಏತಕ್ಕೆ? ಇದಕ್ಕೆ ಉತ್ತರ ಒಂದು ಮಾತಿನಲ್ಲಿ ಸಿಕ್ಕುವಂಥದಲ್ಲ, ಅವರ ತೊಂಬತ್ತು ವರುಷಗಳ ಬಾಳಿನಲ್ಲಿಯೇ ಇದೆ. ಆದುದರಿಂದ ಆ ಬಾಳನ್ನು ಸಂಕ್ಷೇಪವಾಗಿ ವಾಚಕರ ಮುಂದಿಡುವ ಪ್ರಯತ್ನವನ್ನು ಇಲ್ಲಿ ಮಾಡಲಾಗಿದೆ.

ಸಲೀಂ ಅಲಿಯವರು 1896ನೆಯ ಇಸವಿಯ ನವೆಂಬರ 12ರಂದು ಮುಂಬಯಿಯಲ್ಲಿ ಜನಿಸಿದರು. ತಂದೆ ಮೊಯಿಜುದ್ದೀನ, ತಾಯಿ ಜೀನತ್-ಉನ್-ನಿಸಾ. ತುಂಬಿದ ಮನೆಯ ಮಕ್ಕಳಲ್ಲಿ ಇವರೇ ಕೊನೆಯವರು. ವರ್ಷ ತುಂಬುವಷ್ಟರಲ್ಲಿ ತಂದೆ ತೀರಿಕೊಂಡರು. ಮೂರು ವರ್ಷದವರಾದಾಗ ತಾಯಿಯೂ ಹೋದರು. ಮಕ್ಕಳಿಲ್ಲದ ಸೋದರಮಾವ ಅಮೀರುದ್ದೀನ ತ್ಯಾಬಜಿಯವರೂ ಅವರ ಪತ್ನಿ ಹಮೀದಾ ಬೇಗಮರೂ ಈ ತಬ್ಬಲಿ ಮಕ್ಕಳನ್ನು ಖೇತವಾಡಿಯ ತಮ್ಮ ಮನೆಯಲ್ಲಿ ಸಾಕಿ ಬೆಳೆಸಿದರು. ಮಾವನಿಗೆ ಬೇಟೆಯ ಹವ್ಯಾಸ. ಬಾಲಕ ಸಲೀಮನ ಕೈಗೂ ಒಂದು ಗಾಳಿ ಬಂದೂಕು ಬಂದಿತು. ಮುಂದೆ ಪಕ್ಷಿಗಳ ರಕ್ಷಕರೆಂದು ಲೋಕಪ್ರಸಿದ್ಧರಾದವರ ಮೊದಲ ಆಟವೆಂದರೆ ಗುಬ್ಬಿಗಳನ್ನು ಹೊಡೆಯುವುದು. ಇದನ್ನು ಮುಚ್ಚಿಟ್ಟು ಹೇಳುವ ಅಗತ್ಯವಿಲ್ಲ, ಅವರೂ ಮುಚ್ಚಿಟ್ಟವರಲ್ಲ.

ಆ ಆಟದಲ್ಲಿಯೂ ಒಂದು ವಿಶೇಷವಿದ್ದಿತು. ಕುದುರೆ ಲಾಯದ ಗೋಡೆಯ ತೂತಿನಲ್ಲಿ ಒಂದು ಹೆಣ್ಣುಗುಬ್ಬಿ ಗೂಡು ಮಾಡಿತ್ತು. ಹೊರಗೆ ಕಾವಲು ಕೂತ ಗಂಡುಗುಬ್ಬಿಯನ್ನು ಹುಡುಗನು ಹೊಡೆದನು. ಸ್ವಲ್ಪ ಹೊತ್ತಿನಲ್ಲಿಯೇ ಮತ್ತೊಂದು ಗಂಡು ಬಂದು ಅದೇ ಸ್ಥಳದಲ್ಲಿ ಕೂತಿತು. ಏಳು ದಿನಗಳಲ್ಲಿ ಎಂಟು ಗಂಡುಗಳು ಹೀಗೆ ಒಂದರ ಹಿಂದೆ ಒಂದು ಬಂದವು. ಬೇರೆ ಹುಡುಗನಾಗಿದ್ದರೆ ಎಷ್ಟು ಹೊಡೆದೆನೆಂದು ಎಣಿಸಿ ಹಿಗ್ಗಿ ಮರೆತುಬಿಡುತ್ತಿದ್ದನು. ಈ ಹುಡುಗನು ಕಂಡುದನ್ನು ಕಂಡಹಾಗೆ ಬರೆದಿಟ್ಟನು. ಸುಮಾರು ಅರವತ್ತು ವರ್ಷಗಳ ಮೇಲೆ ಆ ಟಿಪ್ಪಣಿ ಪಕ್ಷಿವೀಕ್ಷಕರ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ನೋಡುವುದು, ನೋಡಿದುದನ್ನು ಬರೆದಿಡುವುದು, ಈ ಎರಡು ಗುಣಗಳು ಅವರಿಗೆ ಯಾವ ಗುರುವೂ ಕಲಿಸದೆ ಬಂದವು.

ಇನ್ನೊಂದು ದಿನ ಅವರು ಹೊಡೆದ ಗುಬ್ಬಿಯ ಕೊರಳಲ್ಲಿ ಅರಿಸಿನ ಬಳಿದಂತೆ ಹಳದಿಯ ಮಚ್ಚೆಯೊಂದು ಕಂಡಿತು. ಇದು ಯಾವ ಜಾತಿಯದೆಂದು ಮಾವನನ್ನು ಕೇಳಿದರೆ ಮಾವನಿಗೂ ತಿಳಿಯದು. ಅವರು ಒಂದು ಪತ್ರ ಕೊಟ್ಟು ಹುಡುಗನನ್ನು ಮುಂಬಯಿಯ ಪ್ರಕೃತಿ ಇತಿಹಾಸ ಸಂಘಕ್ಕೆ ಕಳಿಸಿದರು. ಅದು 1883ರಲ್ಲಿ ಸ್ಥಾಪನೆಯಾದ ಸಂಘ. ಕಾರ್ಯದರ್ಶಿಯಾಗಿದ್ದ ಮಿಲ್ಲಾರ್ಡ ಎಂಬ ಆಂಗ್ಲ ಗೃಹಸ್ಥರು ಹುಡುಗನನ್ನು ಪ್ರೀತಿಯಿಂದ ಬರಮಾಡಿಕೊಂಡು, ಹಕ್ಕಿಯ ಜಾತಿಯನ್ನು ಗುರುತಿಸಿ, ಪೆಟ್ಟಿಗೆ ಪೆಟ್ಟಿಗೆಯಾಗಿ ಕೂಡಿಸಿಟ್ಟ ಸತ್ತ ಹಕ್ಕಿಗಳ ಸಂಗ್ರಹವನ್ನೆಲ್ಲ ತೆರೆದು ತೋರಿಸಿದರು. ಹಕ್ಕಿಗಳನ್ನು ಕುರಿತು ಓದಲಿಕ್ಕೆ ಪುಸ್ತಕಗಳನ್ನೂ ಕೊಟ್ಟರು. ಅಂಜುತ್ತ ಬಾಗಿಲು ದಾಟಿ ಬಂದ ಒಬ್ಬ ಹುಡುಗನನ್ನು ಹಿರಿಯರು ಬೈದು ಅಟ್ಟದೆ ಅರ್ಧ ತಾಸು ಕೊಟ್ಟುದರಿಂದ ಒಂದು ದೇಶಕ್ಕೆ ಎಷ್ಟು ಲಾಭವಾಗಬಹುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಶಾಲೆಯ ಓದಿನಲ್ಲಿ ಮಾತ್ರ ಅವರು ಮುಂದಿದ್ದವರಲ್ಲ. 1913ರಲ್ಲಿ ಮ್ಯಾಟ್ರಿಕ್ ಪರೀಕ್ಷೆಯನ್ನು ಹೇಗೋ ದಾಟಿದರು. ಸೇಂಟ್ ಝೇವಿಯರ್ ಕಾಲೇಜಿನಲ್ಲಿ ಮೊದಲ ವರ್ಷದ ಗಣಿತವೇ ಮೊದಲಾದ ವಿಷಯಗಳು ಬೆಟ್ಟವಾಗಿ ನಿಂತವು. ಕಾಲೇಜು ಬಿಟ್ಟು ಬ್ರಹ್ಮದೇಶದ ತಾವೋಯ್ ಎಂಬಲ್ಲಿಗೆ, ಮನೆತನದ ಗಣಿ ಮತ್ತು ಕಟ್ಟಿಗೆಯ ವ್ಯವಹಾರ ನೋಡಲು ಹೋದರು. ವ್ಯವಹಾರ ಕೈ ಹತ್ತಲಿಲ್ಲ. ಅಲ್ಲಿಯ ಕಾಡುಗಳಲ್ಲಿ ತಿರುಗಿ ಹಕ್ಕಿಗಳನ್ನು ನೋಡಿದುದೇ ಗಳಿಕೆಯಾಯಿತು. 1917ರಲ್ಲಿ ಮರಳಿ ಬಂದು ಮುಂಬಯಿಯ ದಾವರ ಕಾಲೇಜಿನಲ್ಲಿ ವಾಣಿಜ್ಯ ಕಾಯದೆಯನ್ನೂ ಲೆಕ್ಕಪತ್ರವನ್ನೂ ಕಲಿತರು. ಇವರ ಒಲವು ಎಲ್ಲಿದೆಯೆಂಬುದನ್ನು ಗುರುತಿಸಿದವರು ಝೇವಿಯರ್ ಕಾಲೇಜಿನ ಫಾದರ್ ಬ್ಲಾಟರ್ ಅವರು. ಅವರ ಒತ್ತಾಯದಿಂದ ಪ್ರಾಣಿಶಾಸ್ತ್ರದ ತರಗತಿಗಳಲ್ಲಿಯೂ ಕೂತರು. ಆದರೆ ವಿಶ್ವವಿದ್ಯಾಲಯದ ಪದವಿಯನ್ನು ಮಾತ್ರ ಅವರು ಎಂದೂ ಪಡೆಯಲಿಲ್ಲ.

ಈ ಕೊರತೆ ಅವರನ್ನು ಬಹುಕಾಲ ಕಾಡಿತು. ಭಾರತದ ಪ್ರಾಣಿ ಸರ್ವೇಕ್ಷಣ ಸಂಸ್ಥೆಯಲ್ಲಿ ಪಕ್ಷಿಶಾಸ್ತ್ರಜ್ಞರ ಸ್ಥಾನವೊಂದು ತೆರವಾದಾಗ, ಪದವಿಯಿಲ್ಲವೆಂಬ ಕಾರಣದಿಂದ ಅದು ಇವರ ಕೈಗೆ ದೊರೆಯಲಿಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗನಾದುದರಿಂದ ಈ ಪ್ರಸಂಗವನ್ನು ಓದಿದಾಗ ನನಗೆ ಎರಡು ವಿಚಾರಗಳು ಒಟ್ಟಿಗೇ ಬಂದವು. ಪದವಿ ಇಲ್ಲದವನಿಗೆ ಬಾಗಿಲು ತೆರೆಯುವುದಿಲ್ಲ ಎಂಬುದು ನಮ್ಮ ತಂದೆತಾಯಿಗಳು ಹೊಲದಲ್ಲಿ ದುಡಿದು ಕಂಡುಕೊಂಡ ಸತ್ಯ. ಅದಕ್ಕಾಗಿಯೇ ಅವರು ನಮ್ಮನ್ನು ಕಲಿಸುತ್ತಾರೆ. ಆದರೆ ಬಾಗಿಲು ತೆರೆದ ಮೇಲೆ ಒಳಗೆ ಹೋಗಿ ಮಾಡುವುದೇನು ಎಂಬುದನ್ನು ಪದವಿಯ ಕಾಗದ ಹೇಳಿಕೊಡುವುದಿಲ್ಲ. ಸಲೀಂ ಅಲಿಯವರಿಗೆ ಮೊದಲನೆಯದು ಇರಲಿಲ್ಲ, ಎರಡನೆಯದು ಸ್ಪಷ್ಟವಾಗಿ ತಿಳಿದಿತ್ತು.

1918ರಲ್ಲಿ ಅವರ ವಿವಾಹ ತೆಹಮಿನಾ ಅವರೊಡನೆ ನಡೆಯಿತು. 1926ರಲ್ಲಿ ಮುಂಬಯಿಯ ಪ್ರಿನ್ಸ್ ಆಫ್ ವೇಲ್ಸ್ ವಸ್ತುಸಂಗ್ರಹಾಲಯದಲ್ಲಿ, ಬಂದ ಜನರಿಗೆ ಪ್ರಾಣಿ ಪಕ್ಷಿಗಳ ವಿಷಯ ವಿವರಿಸಿ ಹೇಳುವ ಉಪನ್ಯಾಸಕರ ಕೆಲಸ ದೊರೆಯಿತು. ಎರಡು ವರ್ಷಗಳ ತರುವಾಯ, ಕಲಿತದ್ದು ಸಾಲದೆಂದು, ರಜೆ ಪಡೆದು ಜರ್ಮನಿಗೆ ಹೋದರು. ಬರ್ಲಿನ್ನಿನ ಪ್ರಾಣಿಶಾಸ್ತ್ರ ವಸ್ತುಸಂಗ್ರಹಾಲಯದಲ್ಲಿ ಪ್ರೊಫೆಸರ್ ಎರ್ವಿನ್ ಸ್ಟ್ರೇಸೆಮಾನ್ ಅವರ ಕೈಕೆಳಗೆ ಕೆಲಸ ಕಲಿತರು. ಹಕ್ಕಿಯನ್ನು ಕೊಂದು ಅಳತೆ ಮಾಡಿ ಹೆಸರಿಡುವುದಕ್ಕಿಂತ, ಜೀವಂತ ಹಕ್ಕಿ ತನ್ನ ನೆಲೆಯಲ್ಲಿ ಹೇಗೆ ಬಾಳುತ್ತದೆ ಎಂಬುದನ್ನು ತಿಳಿಯುವುದೇ ಹಿರಿಯ ವಿದ್ಯೆಯೆಂಬ ದೃಷ್ಟಿ ಅವರಲ್ಲಿ ಬಲವಾಯಿತು. ಸ್ಟ್ರೇಸೆಮಾನ್ ಅವರನ್ನು ಅವರು ಕೊನೆಯವರೆಗೂ ತಮ್ಮ ಗುರುವೆಂದೇ ಗೌರವಿಸಿದರು.

1930ರಲ್ಲಿ ಹೊಸ ವಿದ್ಯೆಯೊಡನೆ ಸ್ವದೇಶಕ್ಕೆ ಬಂದು ನೋಡಿದರೆ ಕೆಲಸವೇ ಇಲ್ಲ! ಹಣದ ಅಭಾವದಿಂದ ಆ ಹುದ್ದೆಯನ್ನೇ ತೆಗೆದುಹಾಕಲಾಗಿತ್ತು. ಆಗ ಅವರಿಗೆ ಮೂವತ್ತನಾಲ್ಕರ ಸಮೀಪ ವಯಸ್ಸು. ಮುಂಬಯಿಯಲ್ಲಿ ಸಂಸಾರ ಸಾಗಿಸುವುದು ಕಷ್ಟವಾಗಿ, ದಂಪತಿಗಳು ಸಮುದ್ರದಾಚೆಯ ಕಿಹಿಮ್ ಎಂಬ ಹಳ್ಳಿಗೆ ಹೋಗಿ ನೆಲೆಸಿದರು. ಮಳೆಗಾಲ ಬಂದಿತು. ಮನೆಯ ಸಮೀಪದ ಮರದಲ್ಲಿ ಗೀಜಗಗಳು ಗೂಡು ನೇಯಲು ತೊಡಗಿದವು. ಕೆಲಸವಿಲ್ಲದ ಮನುಷ್ಯನು ಆ ಮರದ ಹತ್ತಿರ ಮರೆ ಮಾಡಿಕೊಂಡು ದಿನದಿನವೂ ತಾಸುಗಟ್ಟಲೆ ಕೂತು ನೋಡಿದನು.

ಗೀಜಗನ ಗೂಡನ್ನು ನೋಡದ ಹಳ್ಳಿಯ ಹುಡುಗನಿಲ್ಲ. ಬಾವಿಯ ಮೇಲೆ ಬಾಗಿದ ಜಾಲಿಯ ಟೊಂಗೆಗೆ ಸೋರೆಬುರುಡೆಯಂತೆ ಜೋತು ಬಿದ್ದ ಆ ಗೂಡನ್ನು ಕಿತ್ತು ತಲೆಗೆ ಟೋಪಿ ಮಾಡಿಕೊಂಡು ಆಡಿದವರೇ ನಾವೆಲ್ಲ. ಅದರಲ್ಲಿ ಹಕ್ಕಿಯು ಮಿಂಚುಹುಳವನ್ನು ಕೆಸರಿಗೆ ಅಂಟಿಸಿ ದೀಪ ಮಾಡಿಕೊಳ್ಳುತ್ತದೆ ಎಂಬ ಕಥೆಯನ್ನೂ ಕೇಳಿದ್ದೇವೆ. ಆದರೆ ಆ ಗೂಡಿನೊಳಗಿನ ಸಂಸಾರದ ನಿಜಸ್ಥಿತಿಯನ್ನು ತಾಳ್ಮೆಯಿಂದ ಕೂತು ತಿಳಿದವರು ಸಲೀಂ ಅಲಿಯವರು. ಗೂಡು ನೇಯುವುದು ಗಂಡು. ಅದು ಅರ್ಧ ನೇಯ್ದು ನಿಲ್ಲಿಸುತ್ತದೆ. ಹೆಣ್ಣುಗಳು ಬಂದು ಒಂದೊಂದು ಗೂಡನ್ನೂ ಹೊಕ್ಕು ಪರೀಕ್ಷಿಸುತ್ತವೆ. ಮನಸ್ಸಿಗೆ ಬಂದರೆ ಹೆಣ್ಣು ಅಲ್ಲಿ ನಿಲ್ಲುತ್ತದೆ. ಆಗ ಗಂಡು ಉಳಿದ ಅರ್ಧವನ್ನೂ ಕೆಳಗಿಳಿಯುವ ಉದ್ದನೆಯ ಕೊಳವೆಯನ್ನೂ ನೇಯ್ದು ಮುಗಿಸುತ್ತದೆ. ಬಾರದಿದ್ದರೆ ಗೂಡು ಅರ್ಧಕ್ಕೇ ಉಳಿಯುತ್ತದೆ. ಮೊದಲ ಹೆಣ್ಣು ಮೊಟ್ಟೆಗೆ ಕೂತೊಡನೆ ಗಂಡು ಇನ್ನೊಂದು ಗೂಡಿಗೆ ಕೈ ಹಾಕಿ ಇನ್ನೊಂದು ಹೆಣ್ಣನ್ನು ಕರೆಯುತ್ತದೆ. ಮೊಟ್ಟೆಗೆ ಕಾವು ಕೊಡುವ ಭಾರವೆಲ್ಲ ಹೆಣ್ಣಿನ ಮೇಲೆಯೇ. ಈ ಅಧ್ಯಯನ ಸಂಘದ ಪತ್ರಿಕೆಯಲ್ಲಿ ಪ್ರಕಟವಾದಾಗ ಪಕ್ಷಿಶಾಸ್ತ್ರದ ಪಂಡಿತರಲ್ಲಿ ಅವರ ಹೆಸರು ನಿಂತಿತು. ನೌಕರಿ ಹೋದ ಒಂದು ಮಳೆಗಾಲವು ಅವರಿಗೆ ಕೀರ್ತಿಯನ್ನು ತಂದುಕೊಟ್ಟಿತು.

ಮುಂದೆ ಅವರು ಒಂದು ದಾರಿ ಕಂಡುಕೊಂಡರು. ಅಂದಿನ ಸಂಸ್ಥಾನಗಳಲ್ಲಿ ಎಷ್ಟೋ ಕಡೆ ಯಾವ ಹಕ್ಕಿಗಳಿವೆಯೆಂಬ ಪಟ್ಟಿಯೂ ಇರಲಿಲ್ಲ. ಪ್ರವಾಸದ ವೆಚ್ಚವನ್ನು ಸಂಸ್ಥಾನವು ಕೊಟ್ಟರೆ ಸಾಕು, ತಾವು ಸಂಬಳವಿಲ್ಲದೆ ಸರ್ವೇಕ್ಷಣ ಮಾಡಿಕೊಡುವುದಾಗಿ ಅವರು ಮುಂದೆ ಬಂದರು. 1931ರಲ್ಲಿ ಹೈದರಾಬಾದ ಸಂಸ್ಥಾನದಿಂದ ಇದು ಆರಂಭವಾಯಿತು. ನಮ್ಮ ಬೀದರ, ಗುಲಬರ್ಗಾ, ರಾಯಚೂರು ಸೀಮೆಗಳು ಆಗ ಆ ಸಂಸ್ಥಾನದಲ್ಲಿದ್ದವು. ಅಲ್ಲಿಂದ ಮುಂದೆ ಕೊಚ್ಚಿ, ತಿರುವಾಂಕೂರು, ಬಹಾವಲಪುರ, ಕಚ್ಛ ಮೊದಲಾದ ಕಡೆಗಳಲ್ಲೆಲ್ಲ ಎತ್ತಿನ ಗಾಡಿಯಲ್ಲಿ, ಒಂಟೆಯ ಮೇಲೆ, ಕಾಲ್ನಡಿಗೆಯಲ್ಲಿ ತಿರುಗಿದರು. ಡೇರೆಯೇ ಮನೆಯಾಯಿತು. ಇಂಗ್ಲೆಂಡಿನಲ್ಲಿ ಓದಿ ಬೆಳೆದ ತೆಹಮಿನಾ ಅವರು ಪಟ್ಟಣದ ಸುಖವನ್ನು ಬಿಟ್ಟು ಈ ಡೇರೆಯ ಸಂಸಾರವನ್ನು ಸಂತೋಷದಿಂದ ಒಪ್ಪಿಕೊಂಡರು. ಪತಿಯ ಬರವಣಿಗೆಯನ್ನು ತಿದ್ದಿ ನಯಗೊಳಿಸಿದರು. 1939ರಲ್ಲಿ ಒಂದು ಸಣ್ಣ ಶಸ್ತ್ರಚಿಕಿತ್ಸೆಯ ತರುವಾಯ ಅವರು ತೀರಿಕೊಂಡರು. ಇವರಿಗೆ ಮಕ್ಕಳಿರಲಿಲ್ಲ. ಸಲೀಂ ಅಲಿಯವರು ಅಕ್ಕನ ಮನೆಯನ್ನು ಆಶ್ರಯಿಸಿದರು. ಮರುವಿವಾಹದ ಯೋಚನೆ ಮಾಡಲಿಲ್ಲ. ದುಃಖವನ್ನು ಕೆಲಸದಲ್ಲಿ ಹೂಳಿದರು.

ಅವರು ಮೈಸೂರು ಸಂಸ್ಥಾನದ ಪಕ್ಷಿ ಸರ್ವೇಕ್ಷಣವನ್ನು ಕೈಕೊಂಡುದು ಇದೇ 1939–40ರ ಕಾಲದಲ್ಲಿ. ಶ್ರೀರಂಗಪಟ್ಟಣದ ಹತ್ತಿರ ಕಾವೇರಿಗೆ 17ನೆಯ ಶತಮಾನದಲ್ಲಿ ಕಟ್ಟಿದ ಒಡ್ಡಿನಿಂದ ನದಿಯ ನಡುವೆ ಸಣ್ಣ ಸಣ್ಣ ನಡುಗಡ್ಡೆಗಳಾಗಿದ್ದವು. ಅಲ್ಲಿಯ ಗಿಡಮರಗಳಲ್ಲಿ ಕೊಕ್ಕರೆ, ಬಕ, ನೀರುಕಾಗೆಗಳು ಸಾವಿರಗಟ್ಟಲೆ ಗೂಡು ಕಟ್ಟುವುದನ್ನು ಕಂಡು, ಈ ಸ್ಥಳವನ್ನು ಕಾಪಾಡಬೇಕೆಂದು ಅವರು ಒಡೆಯರ ಸರಕಾರಕ್ಕೆ ತಿಳಿಸಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. 2022ರಲ್ಲಿ ಅದಕ್ಕೆ ರಾಮ್‌ಸಾರ್ ಒಪ್ಪಂದದ ಅಂತರರಾಷ್ಟ್ರೀಯ ಮನ್ನಣೆಯೂ ದೊರೆಯಿತು. ನಮ್ಮ ಈ ಸೀಮೆ ಆಗ ಮುಂಬಯಿ ಇಲಾಖೆಗೂ ಸವಣೂರು ಸಂಸ್ಥಾನಕ್ಕೂ ಸೇರಿದ್ದುದರಿಂದ ಮೈಸೂರಿನ ಆ ಸರ್ವೇಕ್ಷಣದ ಎಲ್ಲೆಯ ಹೊರಗೆ ಉಳಿಯಿತು.

1941ರಲ್ಲಿ ಅವರ ಭಾರತೀಯ ಪಕ್ಷಿಗಳ ಪುಸ್ತಕ ಹೊರಬಂದಿತು. ಅದುವರೆಗೆ ಹಕ್ಕಿಗಳ ಗ್ರಂಥಗಳೆಂದರೆ ಸಾಹೇಬರು ಸಾಹೇಬರಿಗಾಗಿ ಬರೆದ ದಪ್ಪ ಸಂಪುಟಗಳು. ಸಾಮಾನ್ಯ ಓದುಗನು ಚಿತ್ರ ನೋಡಿ ತನ್ನ ಹಿತ್ತಲದ ಹಕ್ಕಿಯ ಹೆಸರು ತಿಳಿಯುವಂತೆ ಮಾಡಿದುದು ಈ ಪುಸ್ತಕ. ಜವಾಹರಲಾಲ ನೆಹರೂ ಅವರು ಸೆರೆಮನೆಯಿಂದ ತಮ್ಮ ಮಗಳು ಇಂದಿರೆಗೆ ಇದನ್ನು ಕಳಿಸಿದ್ದರು. ಆ ಓದಿನಿಂದಲೇ ಇಂದಿರಾ ಗಾಂಧಿಯವರಿಗೆ ಹಕ್ಕಿಗಳಲ್ಲಿ ಆಸಕ್ತಿ ಹುಟ್ಟಿತು. ಮುಂದೆ ಅಮೇರಿಕದ ಡಿಲ್ಲನ್ ರಿಪ್ಲೆಯವರೊಡನೆ ಕೂಡಿ ಭಾರತ, ಪಾಕಿಸ್ತಾನಗಳ ಹಕ್ಕಿಗಳನ್ನು ಕುರಿತು 10 ಸಂಪುಟಗಳ ಮಹಾಗ್ರಂಥವನ್ನು 1968ರಿಂದ 1974ರ ವರೆಗೆ ಹೊರತಂದರು. ಕೊನೆಯ ಸಂಪುಟ ಬಂದಾಗ ಅವರ ವಯಸ್ಸು 78ರ ಸಮೀಪವಿತ್ತು.

ಸ್ವಾತಂತ್ರ್ಯಾನಂತರ ಅವರ ಕೆಲಸ ಇನ್ನೊಂದು ರೂಪ ತಾಳಿತು. ರಾಜಸ್ಥಾನದ ಭರತಪುರದ ಕೆರೆ ರಾಜರ ಬೇಟೆಯ ಸ್ಥಳವಾಗಿತ್ತು. 1938ರ ನವೆಂಬರದ ಒಂದೇ ದಿನ ವೈಸರಾಯರ ಬೇಟೆಯಲ್ಲಿ ಅಲ್ಲಿ 4,273 ಹಕ್ಕಿಗಳು ಸತ್ತಿದ್ದವು. ಸ್ವಾತಂತ್ರ್ಯ ಬಂದ ಮೇಲೆ ಆ ಕೆರೆಯ ನೀರು ತೆಗೆದು ಹೊಲ ಮಾಡಬೇಕೆಂಬ ಬೇಡಿಕೆ ಎದ್ದಿತು. ಸಲೀಂ ಅಲಿಯವರು ನೆಹರೂ ಅವರವರೆಗೂ ವಿಷಯ ಮುಟ್ಟಿಸಿ ಅದನ್ನು ಉಳಿಸಿದರು. 1985ರಲ್ಲಿ ಅದು ವಿಶ್ವ ಪರಂಪರೆಯ ತಾಣವೆನಿಸಿತು.

ನಮ್ಮ ನೆರೆಯ ಒಂದು ಸಂಗತಿಯೂ ಅವರ ಬಾಳಿಗೆ ಹೆಣೆದುಕೊಂಡಿದೆ. ಹಾನಗಲ್ಲ, ಹಿರೇಕೆರೂರ ತಾಲೂಕುಗಳಿಗೆ ಹತ್ತಿಕೊಂಡಿರುವ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸಾಯತೊಡಗಿದವು. ಕಾಡಿಗೆ ಹೋಗಿಬರುವ ಜನರಿಗೂ ಜ್ವರ ಬಂದು ಸಾವುಗಳಾದವು. ಅದೇ ಮಂಗನ ಕಾಯಿಲೆ. ಉಣ್ಣೆಗಳಿಂದ ಹರಡುವ ಈ ರೋಗದ ವಿಷಾಣು ರಶಿಯ ದೇಶದ ಒಂದು ರೋಗದ ವಿಷಾಣುವಿಗೆ ಹೋಲುತ್ತಿತ್ತು. ಚಳಿಗಾಲಕ್ಕೆ ಸೈಬೀರಿಯದಿಂದ ಬರುವ ಹಕ್ಕಿಗಳ ಮೈಮೇಲಿನ ಉಣ್ಣೆಗಳು ಇದನ್ನು ತಂದಿರಬಹುದೇ ಎಂಬ ಸಂಶಯ ಹುಟ್ಟಿತು. ಇದನ್ನು ಪರೀಕ್ಷಿಸುವುದಕ್ಕಾಗಿ ಜಾಗತಿಕ ಆರೋಗ್ಯ ಸಂಸ್ಥೆಯ ನೆರವಿನಿಂದ ಸಲೀಂ ಅಲಿಯವರ ಮುಂದಾಳುತನದಲ್ಲಿ ಹಕ್ಕಿಗಳ ಕಾಲಿಗೆ ಅಂಕಿಯಿರುವ ಉಂಗುರ ತೊಡಿಸಿ ಬಿಡುವ ದೊಡ್ಡ ಕಾರ್ಯ ಆರಂಭವಾಯಿತು. ಎಲ್ಲಿಯ ಹಕ್ಕಿ ಎಲ್ಲಿಗೆ ಹೋಗುತ್ತದೆಂಬ ವಿಷಯದಲ್ಲಿ ಭಾರತಕ್ಕೆ ದೊರೆತ ಜ್ಞಾನದ ಬಹುಭಾಗ ಈ ಉಂಗುರಗಳಿಂದ ಬಂದುದು. ಹಕ್ಕಿ ನೋಡುವುದು ಕೆಲಸವಿಲ್ಲದವರ ಚಟವೆಂದು ತಿಳಿದವರು ಈ ಪ್ರಸಂಗವನ್ನು ಲಕ್ಷ್ಯದಲ್ಲಿಡಬೇಕು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ರಾಷ್ಟ್ರಪಕ್ಷಿಯ ಆಯ್ಕೆಯ ವಿಚಾರ ಬಂದಾಗ ಸಲೀಂ ಅಲಿಯವರು ಸೂಚಿಸಿದುದು, ನಮ್ಮ ಕಡೆ ಎರೆಭೂತವೆಂದೂ ಪುಸ್ತಕಗಳಲ್ಲಿ ದೊರವಾಯನ ಹಕ್ಕಿಯೆಂದೂ ಕರೆಯುವ ಪಕ್ಷಿಯನ್ನು. ಸುಮಾರು ಒಂದು ಮೀಟರ್ ಎತ್ತರದ, ಹದಿನೈದು ಕಿಲೋಗ್ರಾಮಿನವರೆಗೆ ತೂಗುವ, ಹಾರುವ ಹಕ್ಕಿಗಳಲ್ಲಿ ಅತ್ಯಂತ ಭಾರಿಯಾದವುಗಳಲ್ಲಿ ಒಂದು ಇದು. ಮೈಬಣ್ಣ ಒಣ ಹುಲ್ಲಿನದು. ತಲೆಯ ಮೇಲೆ ಕರಿಯ ಟೋಪಿಯಿಟ್ಟಂತೆ ಒಂದು ಜುಟ್ಟು ಉಂಟು, ಆದರೆ ನವಿಲಿನ ಬಣ್ಣದ ಬೆಡಗು ಅದಕ್ಕಿಲ್ಲ. ಬಯಲು ಹುಲ್ಲುಗಾವಲಿನಲ್ಲಿ ನೆಲದ ಮೇಲೆಯೇ ಸಾಮಾನ್ಯವಾಗಿ ಒಂದೇ ಒಂದು ಮೊಟ್ಟೆ ಇಡುತ್ತದೆ. ದನ ತುಳಿದರೆ, ನಾಯಿ ಕಂಡರೆ ಅದೂ ಹೋಯಿತು.

ಸಲೀಂ ಅಲಿಯವರ ವಾದ ಸರಳವಾದುದು. ನವಿಲು ದೇಶದ ತುಂಬ ಇದೆ. ದೇವರ ವಾಹನವೆಂದು ಜನರೇ ಅದನ್ನು ಕಾಯುತ್ತಾರೆ. ಮಾನ ಕೊಟ್ಟರೂ ಕೊಡದಿದ್ದರೂ ಅದು ಬದುಕುತ್ತದೆ. ಅಳಿವಿನ ಅಂಚಿಗೆ ಬಂದ ಹಕ್ಕಿಗೆ ರಾಷ್ಟ್ರದ ಹೆಸರನ್ನು ಕೊಟ್ಟರೆ ಆ ಹೆಸರೇ ಅದಕ್ಕೆ ಕಾವಲಾಗಬಹುದು. ಆ ಹಕ್ಕಿಯ ಇಂಗ್ಲಿಷ್ ಹೆಸರಿನಲ್ಲಿ ಒಂದಕ್ಷರ ತಪ್ಪಿದರೆ ಅದು ಬೈಗಳಾಗುತ್ತದೆಂಬ ಅಂಜಿಕೆಯೂ ಅದನ್ನು ಕೈಬಿಡಲು ಒಂದು ಕಾರಣವೆಂದು ಹೇಳುತ್ತಾರೆ. ಕಾರಣವೇನೇ ಇರಲಿ, ತುರಾಯಿಯ ಹಕ್ಕಿ ಗೆದ್ದಿತು.

ಮುಂದೆ ಏನಾಯಿತೆಂಬುದಕ್ಕೆ ನಾವು ದೂರ ಹೋಗಬೇಕಾದುದಿಲ್ಲ. ಎರಡೂ ಹಕ್ಕಿಗಳ ಕಥೆ ನಮ್ಮ ಜಿಲ್ಲೆಯಲ್ಲಿಯೇ ಇದೆ. ಯಲವಿಗಿಯಿಂದ ಸವಣೂರಿನ ಮಾರ್ಗವಾಗಿ ಪಶ್ಚಿಮಕ್ಕೆ ಹೋದರೆ ಶಿಗ್ಗಾಂವಿ ತಾಲೂಕಿನ ಬಂಕಾಪುರ ಸಿಕ್ಕುತ್ತದೆ. ರಾಷ್ಟ್ರಕೂಟರ ಸಾಮಂತ ಬಂಕೇಯನ ಹೆಸರಿನ ಊರು ಅದು. ಅಲ್ಲಿಯ ಹಳೆಯ ಕೋಟೆಯ ಕಂದಕದಲ್ಲಿ, ನಗರೇಶ್ವರ ಗುಡಿಯ ಸುತ್ತಿನ ಗಿಡಗಂಟಿಗಳಲ್ಲಿ, ಕಿಲಾರಿ ದನಗಳ ಸಂವರ್ಧನ ಕೇಂದ್ರದ ಬಯಲಿನಲ್ಲಿ ನವಿಲುಗಳು ಹಿಂಡುಹಿಂಡಾಗಿ ಬಾಳಿವೆ. ಕೋಟೆಯ 139 ಎಕರೆ ಪ್ರದೇಶವನ್ನು 2006ರಲ್ಲಿ ನವಿಲುಧಾಮವೆಂದು ಸಾರಲಾಯಿತು. ಮುಂಗಾರಿನ ಮೋಡ ಕಟ್ಟಿದಾಗ ಗಂಡು ನವಿಲು ಗರಿ ಕೆದರಿ ನಿಲ್ಲುತ್ತದೆ. ನಾವು ಬಾಲವೆನ್ನುವ ಆ ಗರಿಗಳು ನಿಜವಾಗಿ ಬಾಲವಲ್ಲ, ಬಾಲದ ಬುಡವನ್ನು ಮುಚ್ಚುವ ಬೆನ್ನಿನ ಗರಿಗಳು. ಮಳೆಗಾಲ ಕಳೆಯುತ್ತ ಬಂದಂತೆ ಅವು ಉದುರಿ ಮತ್ತೆ ಹುಟ್ಟುತ್ತವೆ. ತಲೆಯ ತುರಾಯಿಯೂ ಬರಿಯ ಶೃಂಗಾರಕ್ಕಲ್ಲ. ಗಂಡು ಗರಿಗಳನ್ನು ಝಳಪಿಸುವ ವೇಗಕ್ಕೆ ಸರಿಯಾಗಿ ತುರಾಯಿಯ ಕಡ್ಡಿಗಳೂ ಕಂಪಿಸುತ್ತವೆ, ಎದುರಿನ ಹಕ್ಕಿ ಆ ಗಾಳಿಯ ಅಲೆಯನ್ನು ಅವುಗಳಿಂದ ಅರಿಯಬಹುದು ಎಂದು 2018ರಲ್ಲಿ ವಿಜ್ಞಾನಿಗಳು ತೋರಿಸಿದ್ದಾರೆ. ಬಿತ್ತಿದ ಶೇಂಗಾ ಬೀಜವನ್ನು ಕೆದರಿ ತಿನ್ನುವ ಈ ಹಕ್ಕಿಯ ಮೇಲೆ ನಮ್ಮ ರೈತರಿಗೆ ಸಿಟ್ಟಿಲ್ಲವೆಂದಲ್ಲ. ಆದರೂ ಕಲ್ಲು ತೂರಿ ಓಡಿಸುವವರೇ ಹೆಚ್ಚು, ಕೊಲ್ಲುವವರು ಕಡಿಮೆ.

ಯಲವಿಗಿಯಿಂದಲೇ ದಕ್ಷಿಣದ ರೈಲು ಹಿಡಿದು ಹಾವೇರಿ, ಬ್ಯಾಡಗಿಗಳನ್ನು ದಾಟಿದರೆ ರಾಣಿಬೆನ್ನೂರು. ಅಲ್ಲಿ 1974ರಲ್ಲಿ 119 ಚದರ ಕಿಲೋಮೀಟರಿನ ಅಭಯಾರಣ್ಯ ಸ್ಥಾಪನೆಯಾಯಿತು. ಕೃಷ್ಣಮೃಗಗಳ ಜೊತೆಗೆ ಎರೆಭೂತವೂ ಅಲ್ಲಿಯ ಹುಲ್ಲುಬಯಲಿನಲ್ಲಿ ಇದ್ದಿತು. ಕೃಷ್ಣಮೃಗಗಳು ಸಾವಿರಗಟ್ಟಲೆಯಾದವು. ಆದರೆ ಹುಲ್ಲುಬಯಲನ್ನು ಬರಡು ಭೂಮಿಯೆಂದು ಬಗೆದು ಅದರ ಬಹುಭಾಗದಲ್ಲಿ ನೀಲಗಿರಿ ಗಿಡಗಳನ್ನು ಬೆಳೆಸಲಾಯಿತು. ಬಯಲಿಲ್ಲದೆ ಬದುಕಲಾರದ ಹಕ್ಕಿ ಅಲ್ಲಿಂದ ಮರೆಯಾಯಿತು. 2011ರಲ್ಲಿ ಅದನ್ನು ಜಗತ್ತಿನ ಅತ್ಯಂತ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಲಾಯಿತು. ಇಂದು ದೇಶದಲ್ಲೆಲ್ಲ ಕೂಡಿ ನೂರೈವತ್ತರ ಆಸುಪಾಸಿನಲ್ಲಿ ಉಳಿದಿವೆ. ಹೆಚ್ಚಿನವು ರಾಜಸ್ಥಾನದ ಮರುಭೂಮಿಯಲ್ಲಿವೆ. 2019ರಿಂದ ಅಲ್ಲಿ ಮೊಟ್ಟೆಗಳನ್ನು ತಂದು ಕಾವು ಕೊಟ್ಟು ಮರಿ ಮಾಡಿ ಸಾಕುವ ಪ್ರಯತ್ನ ನಡೆದಿದೆ. ನಮ್ಮ ರಾಜ್ಯದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು ಉಳಿದುದೇ ಹೆಚ್ಚು.

ರಾಷ್ಟ್ರಪಕ್ಷಿಯೆಂಬ ಹೆಸರು ಸಿಕ್ಕಿದ್ದರೆ ಎರೆಭೂತವು ಉಳಿಯುತ್ತಿತ್ತೆಂದು ಖಂಡಿತವಾಗಿ ಹೇಳಲು ಬಾರದು. ಆದರೆ ಮಾನ ಸಲ್ಲಿಸುವುದು ಬೇರೆ, ಕಾಪಾಡುವುದು ಬೇರೆ ಎಂಬ ಭೇದವನ್ನು ಸಲೀಂ ಅಲಿಯವರು ಮುಂಚಿತವಾಗಿಯೇ ಕಂಡಿದ್ದರು. ಕಣ್ಣು ಸೆಳೆಯುವುದನ್ನು ಎಲ್ಲರೂ ನೋಡುತ್ತಾರೆ. ಕಣ್ಣು ಸೆಳೆಯದ ಗುಬ್ಬಿಯ ಕೊರಳಿನ ಹಳದಿಯನ್ನು ಬಾಲ್ಯದಲ್ಲಿ ಕಂಡ ಅವರು, ಅರ್ಧ ಶತಮಾನದ ಮೇಲೆ ಒಣಹುಲ್ಲಿನ ಬಣ್ಣದ ಹಕ್ಕಿಯ ಪರವಾಗಿ ನಿಂತುದು ಅದೇ ದೃಷ್ಟಿಯಿಂದ. ಅವರು ಕಣ್ಣೀರು ಸುರಿಸುವ ಪ್ರಾಣಿದಯಾಪರರಾಗಿರಲಿಲ್ಲ. ಶಾಸ್ತ್ರಕ್ಕೆ ಬೇಕಾದಾಗ ಬಂದೂಕನ್ನೂ ಎತ್ತಿದರು. ಹಕ್ಕಿಯ ನೆಲೆ ಉಳಿದರೆ ಹಕ್ಕಿ ಉಳಿಯುತ್ತದೆ, ನೆಲೆ ಕೆಟ್ಟರೆ ಪೂಜೆಯೂ ಕಾಯದೆಯೂ ಅದನ್ನು ಉಳಿಸಲಾರವು ಎಂಬುದೇ ಅವರ ಬಾಳಿನ ಕೆಲಸದ ಸಾರ.

ಪದವಿಯಿಲ್ಲವೆಂದು ತಿರುಗಿ ಕಳಿಸಲ್ಪಟ್ಟವರಿಗೆ 1958ರಲ್ಲಿ ಅಲಿಗಢ ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟ್ ಕೊಟ್ಟಿತು. ಮುಂದೆ ದಿಲ್ಲಿ, ಆಂಧ್ರ ವಿಶ್ವವಿದ್ಯಾಲಯಗಳೂ ಕೊಟ್ಟವು. 1958ರಲ್ಲಿ ಪದ್ಮಭೂಷಣ, 1976ರಲ್ಲಿ ಪದ್ಮವಿಭೂಷಣ, 1985ರಲ್ಲಿ ರಾಜ್ಯಸಭೆಯ ಸದಸ್ಯತ್ವ ದೊರೆತವು. ಗೆಟ್ಟಿ ಪಾರಿತೋಷಕದ ದೊಡ್ಡ ಮೊತ್ತವನ್ನು ಅವರು ತಮಗಾಗಿ ಇಟ್ಟುಕೊಳ್ಳದೆ ಪ್ರಕೃತಿ ಸಂರಕ್ಷಣೆಯ ನಿಧಿಗೆ ಕೊಟ್ಟರು. 1985ರಲ್ಲಿ ಬಂದ ಆತ್ಮಕಥೆಗೆ, ತಮ್ಮನ್ನು ಈ ದಾರಿಗೆ ತಂದ ಆ ಸಣ್ಣ ಗುಬ್ಬಿಯ ನೆನಪಾಗುವಂಥ ಹೆಸರಿಟ್ಟರು. 1987ರ ಜೂನ 20ರಂದು, ತೊಂಬತ್ತು ತುಂಬಿದ ವಯಸ್ಸಿನಲ್ಲಿ, ಮುಂಬಯಿಯಲ್ಲಿ ಅವರು ದೇಹ ಬಿಟ್ಟರು. 1990ರಲ್ಲಿ ಕೊಯಿಮತ್ತೂರಿನಲ್ಲಿ ಅವರ ಹೆಸರಿನ ಪಕ್ಷಿವಿಜ್ಞಾನ ಕೇಂದ್ರ ಆರಂಭವಾಯಿತು. ಅವರ ಹುಟ್ಟುಹಬ್ಬವಾದ ನವೆಂಬರ 12ನ್ನು ಹಕ್ಕಿ ನೋಡುವವರು ದೇಶದಲ್ಲೆಲ್ಲ ಆಚರಿಸುತ್ತಾರೆ.

ವಿದ್ಯಾರ್ಥಿ ಮಿತ್ರರೇ, ಈ ವರ್ಷ ನಮ್ಮಲ್ಲಿ ಅನೇಕರು ಪದವಿಯ ತುರಾಯಿಯನ್ನು ತಲೆಗೆ ಏರಿಸಿಕೊಂಡು ಈ ಕಾಲೇಜಿನಿಂದ ಹೊರಬೀಳುತ್ತೇವೆ. ಅದರಲ್ಲಿ ಸಂತೋಷವೂ ಇದೆ, ಮನೆಯವರ ದುಡಿಮೆಯ ಸಾರ್ಥಕತೆಯೂ ಇದೆ. ಆದರೆ ತುರಾಯಿ ಇದ್ದವರಿಗೆಲ್ಲ ನೋಡುವ ಕಣ್ಣು ಬಂದಿರುವುದಿಲ್ಲ. ನಮ್ಮ ಎರೆಹೊಲಗಳಲ್ಲಿ, ಕೆರೆಯಂಗಳಗಳಲ್ಲಿ, ಯಾರಿಗೂ ಬೇಡವಾದ ಹುಲ್ಲುಬಯಲುಗಳಲ್ಲಿ ಹೆಸರು ಬರೆಯದ ಜೀವಿಗಳು ಇನ್ನೂ ಎಷ್ಟೋ ಇವೆ. ಅವುಗಳನ್ನು ನೋಡಿ ಬರೆದಿಡುವುದಕ್ಕೆ ಒಂದು ವಹಿ, ಒಂದು ಪೆನ್ಸಿಲು, ಸ್ವಲ್ಪ ತಾಳ್ಮೆ ಇಷ್ಟೇ ಸಾಕು. ಸಲೀಂ ಅಲಿಯವರು ಮಾವನ ಮನೆಯ ಲಾಯದ ಮುಂದೆ ಕೂತು ಆರಂಭಿಸಿದಾಗ ಅವರ ಬಳಿಯಲ್ಲಿಯೂ ಇದಕ್ಕಿಂತ ಹೆಚ್ಚಿನ ವಿದ್ಯೆಯೇನೂ ಇರಲಿಲ್ಲ.